ಮುನಿಗಂಗಮ್ಮನಿಗೆ ಕೊಟ್ಟ ತಟ್ಟೆ

ಮುನಿಗಂಗಮ್ಮನ ಕೈ ರೇಷ್ಮೆಹುಳುಗಳಿಗೆ ಆಗಿಬರುವುದಿಲ್ಲ ಎಂಬ ಮಾತನ್ನು ನನಗೆ ಮೊದಲು ಹೇಳಿದವಳು ಶೋಭಾರಾಣಿ. ಮರಿಹುಳು ಸಾಕಿ ರೈತರಿಗೆ ಮಾರುವ ಚಾಕಿ ಕೇಂದ್ರದಲ್ಲಿ ಕೆಲಸಕ್ಕಿದ್ದವಳು, ಅಲ್ಲಿಂದ ಜಂಗಮಕೋಟೆಯ ನಮ್ಮ ಮನೆಗೆ ಹುಳು ತಂದಿಳಿಸಿ, ಕಾಫಿ ಕುಡಿಯುತ್ತಾ ಹೇಳಿದಳು.

“ಅವಳ್ನ ಹುಳಮನೆಗೆ ಬಿಟ್ಕೋಬೇಡ ಕಣಮ್ಮೋ ಆಂಜಿನಮ್ಮ. ಅವಳು ಮುಟ್ಟಿದ್ ಹುಳಕ್ಕೆಲ್ಲ ರೋಗ. ಅದಕ್ಕೇ ನಮ್ಮ ಓನರ್ ಓಡಿಸಿದ್ದು.”

ಓಡಿಸಿರಲಿಲ್ಲ. ಒಂಬತ್ತು ವರ್ಷ ಅಲ್ಲಿ ಮರಿಹುಳು ಸಾಕಿದ ಮುನಿಗಂಗಮ್ಮ ತಾನೇ ಬಿಟ್ಟಿದ್ದಳು. ಶೋಭಾರಾಣಿಯೂ ಅವಳ ಜೊತೆ ಕೆಲಸ ಮಾಡುವ ಪವಿತ್ರಳೂ ಊಟದ ಕೈ ತೊಳೆಯದೆ ಹುಳು ಮುಟ್ಟುತ್ತಾರೆ ಎಂದು ಓನರಿಗೆ ಹೇಳಿದ್ದಕ್ಕೆ ಅವರಿಬ್ಬರೂ ಅವಳನ್ನು ಅಲ್ಲಿ ನಿಲ್ಲಗೊಡಲಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದಿನಿಂದ ನನ್ನ ಕಣ್ಣು ಅವಳ ಕೈ ಮೇಲೇ ಹೋಗುತ್ತಿತ್ತು.

ಗಂಡನಿಲ್ಲದವಳು. ಊರ ಹುಳಮನೆಗಳಲ್ಲಿ ಕೂಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಳು. ಹುಳುಗಳು ಸೊಪ್ಪು ಮೇಯುವ ಸದ್ದು ಕೇಳಿಯೇ ಹಸಿವು ತೀರಿತೋ ಇಲ್ಲವೋ ಹೇಳಬಲ್ಲವಳಾಗಿದ್ದಳು. ಒಂದೊಂದೇ ಮನೆ ಅವಳಿಗೆ ಬಾಗಿಲು ಹಾಕಿತು. ಗಂಗುಲಪ್ಪನ ಹೆಂಡತಿ ಅವಳು ನಡೆದ ಅಂಗಳಕ್ಕೆಲ್ಲ ಬ್ಲೀಚಿಂಗ್ ಪುಡಿ ಎರಚಿ, “ತಲೆ ಮೇಲೂ ಒಂದು ಹಿಡಿ ಹಾಕ್ಲೇನೇ?” ಅಂದಳು. ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮಾರನೆಯ ದಿನ ಮುನಿಗಂಗಮ್ಮ ನನ್ನ ಹತ್ತಿರವೇ ಬಂದಳು. “ಒಂದು ತಟ್ಟೆ ಹುಳ ಬೇರೆ ಕೊಡಮ್ಮ. ನಾನೊಬ್ಳೇ ಮೇಯಿಸ್ತೀನಿ. ಗೂಡು ಕಟ್ಟಿದ್ರೆ ಊರಿಗೇ ಗೊತ್ತಾಗ್ತದೆ.”

ಹೂಂ ಅಂದೆ. ಆದರೆ ಒಳ್ಳೆಯ ಹುಳು ಕೊಡಲು ಮನಸ್ಸಾಗಲಿಲ್ಲ. ಹುಳುಗಳು ಪೊರೆ ಬಿಡುವುದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯ ಜ್ವರದಿಂದ ಏಳದೆ ಹಿಂದೆ ಬಿದ್ದವು ಗೂಡು ಕಟ್ಟುವುದಿಲ್ಲ. ತಿಪ್ಪೆಗೆಂದು ತೆಗೆದಿಟ್ಟಿದ್ದ ಅವನ್ನೇ ತಟ್ಟೆಗೆ ಸುರಿದು, ಮೇಲೆ ಸೊಪ್ಪು ಮುಚ್ಚಿ ಕೊಟ್ಟೆ. ಅವಳು ಸೊಪ್ಪು ಸರಿಸಿ ನೋಡಿದಳು. ಅವಳಿಗೆ ತಿಳಿಯದೇ? ನನ್ನ ಮುಖವನ್ನೊಮ್ಮೆ ನೋಡಿ, “ಬದುಕಿಸ್ತೀನಿ ಬಿಡಮ್ಮ,” ಅಂದಳು.

ಐದು ದಿನ ನಮ್ಮ ಹಿತ್ತಿಲ ಶೆಡ್ಡಿನಲ್ಲಿ ಕೂತು, ಎಲೆಯನ್ನು ಉಗುರಷ್ಟು ಸಣ್ಣಗೆ ಹೆಚ್ಚಿ ಮೇಯಿಸಿದಳು. ಆರನೆಯ ದಿನಕ್ಕೆ ಎಲ್ಲವೂ ಕಪ್ಪಾಗಿ ಸತ್ತಿದ್ದವು. ನನ್ನ ಮಗ ನರಸಿಂಹಮೂರ್ತಿ ಆ ತಟ್ಟೆಯ ಫೋಟೋ ತೆಗೆದು ರೈತರ ವಾಟ್ಸಾಪ್ ಗುಂಪಿಗೆ ಹಾಕಿದ. “ನಾವು ಮೊದ್ಲೇ ಹೇಳಿಲ್ವಾ” ಎಂದು ಶೋಭಾರಾಣಿ ಬರೆದಳಂತೆ. ಪವಿತ್ರ ನಗುವ ಮುಖಗಳ ಸಾಲನ್ನೇ ಕಳಿಸಿದಳಂತೆ. ಯಾವ ಹುಳು ಕೊಟ್ಟಿದ್ದೆನೆಂದು ನಾನು ಮಗನಿಗೂ ಹೇಳಲಿಲ್ಲ. ಒಳಗಿದ್ದ ನಮ್ಮ ಹುಳುಗಳು ಚೆನ್ನಾಗಿ ಗೂಡು ಕಟ್ಟಿದವು. ಅವಳು ಮುಟ್ಟದಿದ್ದುದಕ್ಕೇ ಎಂದು ಊರೆಲ್ಲ ಅಂದಿತು.

ತಿಂಗಳ ಮೇಲೆ ಒಂದು ಬೆಳಿಗ್ಗೆ ಮುನಿಗಂಗಮ್ಮ ಬಂದು ಹೊಸಿಲಾಚೆಯೇ ನಿಂತಳು.

“ಕೆಲ್ಸ ಕೇಳಕ್ ಬಂದಿಲ್ಲಮ್ಮ. ಚಿಂತಾಮಣಿ ಕಡೆ ವೆಂಕಟರವಣಪ್ಪ ಅನ್ನೋರು ಹುಳಮನೆಗೆ ಆಳು ಬೇಕು ಅಂತಾವ್ರೆ. ಆ ಫೋಟೋ ಅವರ್ಗೂ ಹೋಗೈತೆ. ಹುಳ ಮೊದ್ಲೇ ಕೆಟ್ಟಿತ್ತು ಅಂತ ಒಂದ್ ಮಾತು ಹೇಳು.”

ನಂಬರ್ ಒತ್ತಿ ಫೋನನ್ನು ನನ್ನತ್ತ ಚಾಚಿದಳು. ಹೇಳಿದರೆ ಊರಿನಲ್ಲಿ ನನ್ನ ಮಾನ ಹೋಗುತ್ತಿತ್ತು, ಮಗನದೂ ಹೋಗುತ್ತಿತ್ತು. ಆ ಕಡೆಯಿಂದ ಗಂಡು ದನಿಯೊಂದು “ಯಾರು? ಯಾರ್ರೀ ಅದು?” ಎನ್ನುತ್ತಿತ್ತು. ನಾನು ಸೆರಗಿನೊಳಗಿಂದ ಕೈ ತೆಗೆಯಲಿಲ್ಲ.

ಅವಳು ಫೋನನ್ನು ಅಂಗೈಯಿಂದ ಮುಚ್ಚಿದಳು. “ನಿಜ ಹೇಳೋದ್ ಬೇಡ ಬಿಡಮ್ಮ. ಅವಳ ಕೈ ಒಳ್ಳೇದು ಅಂತ ಅಷ್ಟು ಮಾತ್ರ ಅನ್ನು.”