ಮನೆಗೂ ಮರಗಸಿ

ನನ್ನ ಮನೆಗೆ ಮೊದಲ ಸಲ ಬಂದವರು ಒಳಗೆ ಕಾಲಿಡುವ ಮುಂಚೆಯೇ ತಲೆಯೆತ್ತಿ ಸೂರು ನೋಡಿ, "ಇದೆಂಥ ಮನೆ ಮಾರಾಯ್ತಿ, ಮಾಡಿನ ಮೇಲೆ ಇನ್ನೊಂದು ಮಾಡು?" ಎನ್ನುತ್ತಾರೆ. ಮೊದಮೊದಲು ಕೂರಿಸಿ, ಕಾಪಿ ಕೊಟ್ಟು, ಸಮಾಧಾನವಾಗಿ ವಿವರಿಸುತ್ತಿದ್ದೆ. ಈಗ ಅಷ್ಟು ತಾಳ್ಮೆ ಉಳಿದಿಲ್ಲ. "ನಿಮ್ಮ ಕಾಪಿ ಗಿಡಕ್ಕೆ ನೆರಳು ಹೇಗೆ ಇಟ್ಟಿದ್ದೀರಿ?" ಎಂದು ತಿರುಗಿ ಕೇಳುತ್ತೇನೆ. ಅದಕ್ಕೆ ಉತ್ತರ ಮುಗಿಯುವುದೇ ಇಲ್ಲ. ಮೇಲೆ ಸಿಲ್ವರ್ ಓಕು, ಅತ್ತಿ, ಬಸರಿ, ಕೆಳಗೆ ಹಾಲುವಾಣ, ಯಾವ ಕೊಂಬೆ ಬಿಡಬೇಕು, ಯಾವುದನ್ನು ಯಾವಾಗ ಕಡಿಯಬೇಕು, ಎಲ್ಲ ಬಾಯಿಪಾಠ. "ಮತ್ತೆ ನೀವು ಮಲಗೋ ಮನೆಗೆ?" ಎಂದರೆ ಮತ್ತೆ ತಲೆಯೆತ್ತಿ ಮಾಡು ನೋಡುತ್ತಾರೆ.

ನಮ್ಮ ಕಡೆಯವರು ಕಾಪಿ ಗಿಡಕ್ಕೆ ಕೊಡುವ ಮರ್ಯಾದೆಯನ್ನು ತಮಗೆ ಕೊಟ್ಟುಕೊಳ್ಳುವುದಿಲ್ಲ. ಗಿಡಕ್ಕೆ ಎರಡು ಅಂತಸ್ತಿನ ನೆರಳು, ಮನುಷ್ಯರಿಗೆ ಬೋಳು ಸ್ಲ್ಯಾಬು. ಅದರ ಕೆಳಗೆ ಬೆಂದು, ಎಸಿ ಹಾಕಿಸಿ, ಕರೆಂಟು ಹೋದಾಗ ಸರ್ಕಾರಕ್ಕೆ ಬೈದುಕೊಂಡು ಅಂಗಳದಲ್ಲಿ ಕೂರುವುದು. ಇದನ್ನು ಹೇಳಿದ್ದಕ್ಕೇ ನನಗೆ ಜಗಳಗಂಟಿ ಎಂಬ ಹೆಸರು ಬಂದಿದೆ. ಬರಲಿ ಬಿಡಿ.

ನಾನು ಚಿಕ್ಕಮಗಳೂರಿನ ಒಂದು ಇಂಜಿನಿಯರ್ ಆಫೀಸಿನಲ್ಲಿ ವರ್ಷಗಟ್ಟಲೆ ಮನೆಗಳ ನಕ್ಷೆ ಬರೆದವಳು. ಎಲ್ಲವೂ ಬೇರೆಯವರ ಮನೆಗಳು. ವಸ್ತಾರೆ ಕಡೆಯ ಒಬ್ಬ ಪ್ಲಾಂಟರಿಗೆ ಪಶ್ಚಿಮದ ಗೋಡೆಯಷ್ಟೂ ಗಾಜು ಬೇಕಿತ್ತು, ಕೂತಲ್ಲಿಂದ ಬೆಟ್ಟ ಕಾಣಲಿ ಅಂತ. "ಮಧ್ಯಾಹ್ನದ ಮೇಲೆ ಒಳಗೆ ಕೂರೋಕೇ ಆಗಲ್ಲ ಸಾರ್" ಎಂದೆ. "ಗೆರೆ ಎಳಿಯೋದು ನಿನ್ನ ಕೆಲ್ಸ, ಎಳಿ" ಎಂದರು ನಮ್ಮ ಸಾಹೇಬರು. ಎಳೆದೆ. ಮುಂದಿನ ಬೇಸಿಗೆಯಲ್ಲಿ ಅದೇ ದಾರಿಯಲ್ಲಿ ಹೋಗುವಾಗ ನೋಡುತ್ತೇನೆ, ಆ ಗಾಜಿಗೆ ಒಳಗಿನಿಂದ ಕಂಬಳಿ ನೇತುಹಾಕಿದ್ದಾರೆ! ಬೆಟ್ಟವೂ ಇಲ್ಲ, ಬೆಳಕೂ ಇಲ್ಲ. ಹೊರಗೆ ಎಸಿ ಮಾತ್ರ ಗುಂಯ್ ಎನ್ನುತ್ತಿತ್ತು. ನಗು ಬರಬೇಕಿತ್ತು, ಆದರೆ ನನಗೆ ಬಂದದ್ದು ಸಿಟ್ಟು.

ಅಪ್ಪ ತೀರಿಕೊಂಡ ಮೇಲೆ ಅಣ್ಣ ನನ್ನ ಮುಂದೆ ಒಂದು ಪತ್ರ ತಂದಿಟ್ಟ. ಆಸ್ತಿಯಲ್ಲಿ ನನಗೇನೂ ಬೇಡ ಎಂದು ಹೆಣ್ಣುಮಕ್ಕಳು ಬರೆದುಕೊಡುವ ಪತ್ರ. ನಮ್ಮಲ್ಲಿ ಇದೊಂದು ಪದ್ಧತಿಯೇ ಆಗಿದೆ. ತವರಿಗೆ ಕರೆಸುತ್ತಾರೆ, ಪಾಯಸದ ಊಟ ಹಾಕುತ್ತಾರೆ, ಅರಿಶಿನ ಕುಂಕುಮ ಕೊಡುತ್ತಾರೆ, ಸಹಿ ಹಾಕಿಸಿಕೊಂಡು ಬಸ್ಸು ಹತ್ತಿಸುತ್ತಾರೆ. ನಾನು ಮದುವೆ ಮುರಿದುಕೊಂಡು ಬಾಡಿಗೆ ಮನೆಯಲ್ಲಿ ಬದುಕುತ್ತಿದ್ದವಳು. ಪಾಯಸ ಉಂಡೆ, ಕುಂಕುಮ ಇಟ್ಟುಕೊಂಡೆ, ಪೆನ್ನು ಮುಟ್ಟಲಿಲ್ಲ.

"ಎಲ್ರೂ ಹಾಕ್ತಾರೆ, ನಿಂದೇನು ಮಹಾ ವಿಶೇಷ?" ಎಂದಳು ಅತ್ತಿಗೆ.

"ನಾನು ಎಲ್ರೂ ಅಲ್ಲ" ಎಂದೆ.

ಅಣ್ಣ ಕೆಟ್ಟವನೇನಲ್ಲ. ಕೈಬಿಟ್ಟರೆ ಹೋಯಿತು ಎಂಬ ಹೆದರಿಕೆಯವನು, ಅಷ್ಟೆ. ಬಣಕಲ್‌ನಿಂದ ಒಳಕ್ಕೆ ನಮ್ಮ ತೋಟದ ತುದಿಯಲ್ಲಿ ಒಂದು ಪಡುವಣ ದಿಣ್ಣೆಯಿದೆ. ಜೂನ್ ಬಂದರೆ ಘಾಟಿ ಕಡೆಯ ಗಾಳಿ ಅಲ್ಲಿ ಗಿಡ ನಿಲ್ಲಗೊಡುವುದಿಲ್ಲ, ಏಪ್ರಿಲ್ ಬಂದರೆ ಸಂಜೆಯವರೆಗೂ ಉರಿಬಿಸಿಲು. ಅಪ್ಪ ಎರಡು ಸಲ ಕಾಪಿ ಹಾಕಿ ಸೋತ ಜಾಗ. "ಆ ದಿಣ್ಣೆ ನೀನೇ ಇಟ್ಕ" ಎಂದ ಅಣ್ಣ. "ಒಂದು ಮಳೆಗಾಲ, ಒಂದು ಬೇಸಿಗೆ ಅಲ್ಲಿ ಬದುಕಿ ತೋರ್ಸು, ನಿನ್ನ ಹೆಸರಿಗೇ ಮಾಡಿಸ್ಕೊಡ್ತೀನಿ. ಆಗ್ಲಿಲ್ವಾ, ಸುಮ್ನೆ ಬಂದು ಸಹಿ ಹಾಕು." ನಾನು ಓಡಿಹೋಗುತ್ತೇನೆಂದು ಅವನಿಗೆ ಖಾತ್ರಿಯಿತ್ತು. ಅದು ಗೊತ್ತಾಗಿಯೇ ನಾನು ಒಪ್ಪಿದ್ದು.

ಅಲ್ಲಿ ಎಂಥ ಮನೆ ಕಟ್ಟಬೇಕೆಂಬುದು ಆಫೀಸಿನ ಮೇಜಿನ ಮುಂದೆ ಹೊಳೆಯಲಿಲ್ಲ. ಏಪ್ರಿಲ್‌ನ ಒಂದು ಮಧ್ಯಾಹ್ನ ದಿಣ್ಣೆ ಅಳೆದು ಸುಸ್ತಾಗಿ ಕೆಳಗಿನ ತೋಟಕ್ಕಿಳಿದೆ. ಮೇಲೆ ನೆತ್ತಿ ಸುಡುತ್ತಿತ್ತು. ಹತ್ತು ಮಾರು ಕೆಳಗೆ, ಕಾಪಿ ಗಿಡದ ಬುಡದಲ್ಲಿ, ಉದುರಿದೆಲೆಯ ದರಗು ತಣ್ಣಗಿತ್ತು. ಅಲ್ಲೇ ಕೂತು ಮೇಲೆ ನೋಡಿದೆ. ಎತ್ತರದ ಮರಗಳು ಬಿಸಿಲಿನ ಏಟು ತಿನ್ನುತ್ತಿದ್ದವು. ಅವುಗಳ ಕೆಳಗೆ ಗಾಳಿ ಓಡಾಡಲು ಖಾಲಿ ಜಾಗ, ಅದರ ಕೆಳಗೆ ಹಾಲುವಾಣದ ಎಲೆ, ಅದರಡಿ ಗಿಡ. ಇಷ್ಟೆಲ್ಲಕ್ಕೂ ಯಾವ ಯಂತ್ರವೂ ಇಲ್ಲ, ಒಂದು ಯೂನಿಟ್ ಕರೆಂಟೂ ಇಲ್ಲ. ಹುಟ್ಟಿದಾಗಿನಿಂದ ಇದರ ಕೆಳಗೇ ಓಡಾಡಿದ್ದೆ, ಒಂದು ದಿನವೂ ಇದು ಮನೆಯ ನಕ್ಷೆ ಎಂದು ಅನಿಸಿರಲಿಲ್ಲ.

ಹಾಗೇ ಕಟ್ಟಿದೆ. ಮಣ್ಣಿನ ಇಟ್ಟಿಗೆಯ ದಪ್ಪ ಗೋಡೆ, ಹಳೆಯ ಹೆಂಚಿನ ಮಾಡು. ಮಾಡಿನ ಮೇಲೆ ಒಂದು ಮೊಳ ಜಾಗ ಬಿಟ್ಟು ಸಿಲ್ವರ್ ಓಕಿನ ಗಳಗಳ ಚೌಕಟ್ಟು, ಅದಕ್ಕೆ ಬಿದಿರಿನ ತಟ್ಟಿಗಳು. ಬಿಸಿಲು ತಟ್ಟಿಗೆ ಬಡಿಯಬೇಕು, ನಡುವಿನ ಗಾಳಿ ಆ ಬಿಸಿಯನ್ನು ಹೊತ್ತೊಯ್ಯಬೇಕು, ಹೆಂಚು ತಣ್ಣಗಿರಬೇಕು. ಪೂರ್ವದ ಗೋಡೆಯ ಬುಡದಲ್ಲಿ ತಂಗಾಳಿ ಬರಲು ಕಿಂಡಿ, ಮಾಡಿನ ತುದಿಯಲ್ಲಿ ಬಿಸಿಗಾಳಿ ಹೋಗಲು ಕಿಂಡಿ. ಪಶ್ಚಿಮಕ್ಕೆ ಸಾಲಾಗಿ ಹಾಲುವಾಣದ ಗೂಟಗಳನ್ನು ನೆಟ್ಟೆ. ಅಣ್ಣ ಬಂದು ಸುತ್ತು ಹಾಕಿ, "ಇದೇನು, ಹಕ್ಕಿ ಓಡ್ಸೋ ಅಟ್ಟಣೆನಾ?" ಎಂದು ಕೇಳಿದ. "ಹೌದು, ಮೊದ್ಲು ನಿನ್ನನ್ನೇ ಓಡ್ಸೋದು" ಎಂದೆ.

ಜಂಬ ಕೊಚ್ಚಿಕೊಂಡದ್ದೇ ಬಂತು. ಮಳೆ ಹಿಡಿಯಿತು. ಮಳೆಗಾಲಕ್ಕೆ ಒಂದು ಮಾಡಿಗಿಂತ ಎರಡು ಮಾಡು ಒಳ್ಳೆಯದಲ್ಲವೇ ಎಂದು ತಟ್ಟಿಗಳನ್ನು ಹಾಗೇ ಬಿಟ್ಟಿದ್ದೆ. ತಟ್ಟಿ ನೆನೆದು ನೆನೆದು ಕಪ್ಪಾಯಿತು. ಅದರ ಹನಿ ಬಿದ್ದು ಹೆಂಚು ಆರಲೇ ಇಲ್ಲ, ಪಾಚಿ ಕಟ್ಟಿತು. ಒಳಗೆ ಗೋಡೆ, ಬಟ್ಟೆ, ದಿಂಬು ಎಲ್ಲಕ್ಕೂ ಬೂಷ್ಟು. ಆಮೇಲೆ ಒಂದು ದಿನ ಗಾಳಿ ಎದ್ದು ಎರಡು ತಟ್ಟಿ ಹಾರಿಯೇ ಹೋದವು. ಸಂಜೆ ಅಣ್ಣ ಕೊಡೆ ಹಿಡಿದು, ಅವನ್ನು ಆಳಿನ ತಲೆ ಮೇಲೆ ಹೊರಿಸಿಕೊಂಡು ಬಂದ. "ನಿನ್ನ ಮನೆ ನನ್ನ ತೋಟಕ್ಕೆ ಬಂದಿತ್ತು, ತಗ."

ಅವನು ಹೋದ ಮೇಲೆ ತಲೆ ಚಚ್ಚಿಕೊಂಡೆ. ಮಳೆಗೆ ಮುಂಚೆ ತೋಟದ ಮರಗಳ ಕೊಂಬೆ ಕಡಿದು ಬೆಳಕು ಬಿಡುವುದಕ್ಕೆ ನಮ್ಮಲ್ಲಿ ಮರಗಸಿ ಎನ್ನುತ್ತಾರೆ. ಮರಗಸಿ ಮಾಡದ ತೋಟಕ್ಕೆ ಕೊಳೆರೋಗ ತಪ್ಪಿದ್ದಲ್ಲ. ಎಳೆಮಗುವಿಗೂ ಗೊತ್ತಿರುವ ಸಂಗತಿ. ತೋಟದಿಂದ ನೆರಳನ್ನು ಕಲಿತು ಬಂದವಳು ನೆರಳು ತೆಗೆಯುವುದನ್ನು ಕಲಿಯದೆ ಬಂದಿದ್ದೆ. ಥೂ ನನ್ನ ಬುದ್ಧಿಗಿಷ್ಟು! ಆದರೆ ದಿಣ್ಣೆ ಬಿಟ್ಟು ಇಳಿಯಲಿಲ್ಲ. ಬೂಷ್ಟು ಹಿಡಿದ ದಿಂಬನ್ನು ಒಲೆಯ ಮುಂದೆ ಒಣಗಿಸಿಕೊಂಡು ಮಳೆಗಾಲ ಕಳೆದೆ.

ಬೇಸಿಗೆ ಬಂದಾಗ ಇನ್ನೊಂದು ಪಡಿಪಾಟಲು. ಹಾಲುವಾಣದ ಗೂಟ ಚಿಗುರಿತ್ತೇ ಹೊರತು ನೆರಳು ಕೊಡುವಷ್ಟು ಬೆಳೆದಿರಲಿಲ್ಲ. ಪಶ್ಚಿಮದ ಕೋಣೆ ಒಲೆಯಾಯಿತು. ಗೂಟದಿಂದ ಗೂಟಕ್ಕೆ ಕಾಪಿ ಚೀಲಗಳನ್ನು ಕಟ್ಟಿ, ನೀರು ಚಿಮುಕಿಸಿ, ಪೂರ್ವದ ಜಗಲಿಯಲ್ಲಿ ದಿನ ದೂಡಿದೆ. ಅತ್ತಿಗೆ ಮಜ್ಜಿಗೆ ತಂದುಕೊಟ್ಟು, ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ, "ಹಟಕ್ಕೂ ಒಂದು ಮಿತಿ ಬೇಡ್ವಾ? ಬಾ, ನಮ್ಮನೇಲಿ ಎಸಿ ರೂಮಿದೆ" ಎಂದಳು. ಮಜ್ಜಿಗೆ ಕುಡಿದೆ, ಹೋಗಲಿಲ್ಲ.

ವರ್ಷ ತುಂಬಿದ ಮೇಲೆ ಅಣ್ಣನ ಮುಂದೆ ಹೋಗಿ ನಿಂತೆ. "ಕಳೆದೆ. ಹೆಸರಿಗೆ ಮಾಡ್ಸು."

"ನೀನು ಬದುಕಿದ್ದಲ್ಲ ಮಾರಾಯ್ತಿ, ನರಳಿದ್ದು."

"ಸುಖವಾಗಿ ಬದುಕು ಅಂತ ನೀನು ಹೇಳಿರ್ಲಿಲ್ಲ."

"ಇನ್ನೊಂದು ವರ್ಷ ನೋಡಾಣ" ಎಂದು ಪೇಪರ್ ಬಿಡಿಸಿಕೊಂಡ. ಮಾತು ತಿರುಗಿಸುವುದೆಂದರೆ ಇದು. ಅವತ್ತು ದಿಣ್ಣೆ ಹತ್ತುವಾಗ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಮೇಲೆ ಹೋಗಿ ಮುಖ ತೊಳೆದುಕೊಂಡು, ತೋಟದಲ್ಲಿ ಮರಗಸಿ ಮಾಡುವವನಿಗೆ ಹೇಳಿಕಳಿಸಿದೆ.

ಅವನು ಹಗ್ಗ ಕತ್ತಿ ಹಿಡಿದು ಬಂದು ಮರ ಎಲ್ಲಿದೆ ಎಂದು ಹುಡುಕಿದ. ಮಾಡು ತೋರಿಸಿದೆ.

"ಮರಕ್ಕೆ ಮರಗಸಿ ಮಾಡಿದ್ದೀನಿ ಅಕ್ಕಾ, ಮನೆಗೆ ಮಾಡಿಲ್ಲ. ಬಿದ್ರೆ ಜನ ಏನಂತ ಅಳ್ತಾರೆ? ಮನೆಯಿಂದ ಬಿದ್ದು ಸತ್ತ ಅಂತಲಾ?"

"ಮರಕ್ಕಿಂತ ಗಿಡ್ಡ ಇದೆ, ಹತ್ತು ಮಾರಾಯಾ!"

ಹತ್ತಿದ. ಮಳೆಗೆ ಮುಂಚೆ ತಟ್ಟಿಗಳೆಲ್ಲ ಕೆಳಗಿಳಿದು ಕೊಟ್ಟಿಗೆ ಸೇರಿದವು. ಹಾಲುವಾಣದ ಕೊಂಬೆಗಳನ್ನೂ ಕಡಿದ. ಮೇಲಿನ ಕಿಂಡಿಗಳಿಗೆ ಮರದ ಮುಚ್ಚಳ ಬಿತ್ತು. ಆ ಮಳೆಗಾಲ ಮಳೆ ಬಿಟ್ಟು ಹೊಳವಾದಾಗಲೆಲ್ಲ ಹೆಂಚು ಒಣಗಿತು, ಮಧ್ಯಾಹ್ನಕ್ಕೂ ದೀಪ ಹಾಕುವ ಕಷ್ಟ ತಪ್ಪಿತು. ಮಳೆ ಹೊರಟ ಮೇಲೆ ಹಾಲುವಾಣ ಮತ್ತೆ ಚಿಗುರಿತು, ಈ ಸಲ ಬೇರು ಬಲಿತಿತ್ತು. ಬಿಸಿಲು ಬಲಿಯುವ ಹೊತ್ತಿಗೆ ತಟ್ಟಿಗಳನ್ನು ಮತ್ತೆ ಮೇಲೇರಿಸಿದೆವು. ಮನೆ ವರ್ಷವಿಡೀ ಒಂದೇ ಅಂಗಿ ತೊಟ್ಟು ನಿಲ್ಲಬೇಕೆಂದು ಹೇಳಿದವರು ಯಾರು? ನಾನೇ ನೂರಾರು ಮನೆಗಳಿಗೆ ಹಾಗೆ ಬರೆದಿದ್ದೆ, ಯಾರೂ ಯಾಕೆಂದು ಕೇಳಿರಲಿಲ್ಲ.

ಏಪ್ರಿಲ್ ಬಂತು. ಪಶ್ಚಿಮದ ಕೋಣೆಯಲ್ಲಿ ಮಧ್ಯಾಹ್ನ ಮೂರಕ್ಕೆ ಕೂತು ನಕ್ಷೆ ಬರೆದೆ, ಕಾಗದದ ಮೇಲೆ ಬೆವರು ಬೀಳಲಿಲ್ಲ. ಫ್ಯಾನಿದೆ, ಅದಕ್ಕೆ ಕೆಲಸ ಕಡಿಮೆ. ಹಾಲುವಾಣದಿಂದ ಕಂಬಳಿಹುಳ ಉದುರುತ್ತವೆ, ತಟ್ಟಿಯಲ್ಲಿ ಅಳಿಲು ಮರಿ ಹಾಕುತ್ತದೆ, ವರ್ಷಕ್ಕೆರಡು ಸಲ ಮಾಡು ಹತ್ತಿಸುವ ರಗಳೆಯೂ ಉಂಟು. ಇರಲಿ. ತೋಟದ ಕೆಲಸ ವರ್ಷವರ್ಷವೂ ಮಾಡುತ್ತೇವೆ, ಮನೆಯ ಕೆಲಸ ಒಂದೇ ಸಲಕ್ಕೆ ಮುಗಿಯಬೇಕೆಂದರೆ ಹೇಗೆ?

ಆ ತಿಂಗಳ ಕೊನೆಯಲ್ಲಿ ಒಂದು ದಿನ ಊಟದ ಹೊತ್ತು ಕಳೆದ ಮೇಲೆ ಜೀಪಿನಲ್ಲಿ ಅಣ್ಣ ಅತ್ತಿಗೆ ಇಬ್ಬರೂ ಬಂದರು. ಅಣ್ಣ ಪಶ್ಚಿಮದ ಕೋಣೆಯ ಬೆಂಚಿನ ಮೇಲೆ ಕೂತ, ಗೋಡೆ ಮುಟ್ಟಿ ನೋಡಿದ, ಮೇಲೆ ನೋಡಿದ. ಅವನ ಮುಖ ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇವತ್ತು ಒಪ್ಪಿಕೊಳ್ಳುತ್ತಾನೆ ಎಂದುಕೊಂಡೆ.

"ಭಾರಿ ಚಂದ ಆಗಿದೆ ಕಣೇ" ಎಂದ. "ಇದೇ ಥರ ಇನ್ನೊಂದು ನಾಲ್ಕು ರೂಮು ಎಳೆದ್ರೆ ಒಳ್ಳೆ ಹೋಂಸ್ಟೇ ಆಗುತ್ತೆ. ಹೊರಗಿಂದ ಬರೋರು ಇಂಥದ್ದನ್ನೇ ಹುಡುಕ್ಕೊಂಡು ಬರ್ತಾರೆ. ನೀನೇ ನಿಂತು ನೋಡ್ಕ. ಜಾಗ ಮಾತ್ರ ಒಟ್ಟಿಗೆ ಮನೆ ಹೆಸರಲ್ಲೇ ಇರ್ಲಿ, ಒಡೆಯೋದು ಬೇಡ." ಜೇಬಿನಿಂದ ಅದೇ ಪತ್ರ ತೆಗೆದು ಬೆಂಚಿನ ಮೇಲಿಟ್ಟ. "ಸಹಿ ಹಾಕ್ಬಿಡು."

ಮೈಯೆಲ್ಲ ಉರಿದುಹೋಯಿತು. ಗಿಡ ಸಾಯುವ ದಿಣ್ಣೆಯಾಗಿದ್ದಾಗ ಅದು ನನ್ನದು, ತಣ್ಣಗಾದ ಮೇಲೆ ಮನೆಯವರೆಲ್ಲರದ್ದು! ನಾಲಿಗೆಗೆ ಬಂದದ್ದನ್ನು ತಡೆದು ಅಡುಗೆಮನೆಗೆ ಹೋದೆ. ಕಾಪಿ ಕಾಯುವಷ್ಟು ಹೊತ್ತು ಅವನಿಗೆ ಅನ್ನಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡೆ. ಅಪ್ಪನ ಹೆಸರು ಎತ್ತುವವಳಿದ್ದೆ. ಬೂಷ್ಟು ಹಿಡಿದ ದಿಂಬಿನ ಲೆಕ್ಕವನ್ನೂ ಒಪ್ಪಿಸುವವಳಿದ್ದೆ.

ಲೋಟ ಹಿಡಿದು ಬಂದರೆ ಅಣ್ಣ ಬೆಂಚಿನ ಮೇಲೆ ಉದ್ದಕ್ಕೆ ಮಲಗಿ ಗೊರಕೆ ಹೊಡೆಯುತ್ತಿದ್ದಾನೆ. ಬಾಯಿ ತೆರೆದಿತ್ತು. ಅಷ್ಟು ಬಿಸಿಲಿನಲ್ಲಿ ಬಂದವನಿಗೆ ತಂಪು ಹತ್ತಿದ್ದೇ ನಿದ್ದೆ ಎಳೆದುಬಿಟ್ಟಿತ್ತು. ಅತ್ತಿಗೆ ಕಿಟಕಿಯ ಹತ್ತಿರ ನಿಂತು ಹಾಲುವಾಣದ ಎಲೆ ನೋಡುತ್ತಿದ್ದಳು. ಪತ್ರ ಈಗ ಅವಳ ಕೈಯಲ್ಲಿತ್ತು.

"ನಮ್ಮಪ್ಪನ ತೋಟ ಕಳಸದ ಹತ್ರ" ಎಂದಳು, ನನ್ನ ಕಡೆ ತಿರುಗದೆ. "ನಾನು ಸಹಿ ಹಾಕಿ ಬಂದೆ. ಒಂದು ಸೀರೆ ಕೊಟ್ರು. ಈಗ ಹೋದ್ರೆ ಎಷ್ಟು ದಿನ ಇರ್ತೀಯಾ ಅಂತ ಕೇಳ್ತಾರೆ." ಪತ್ರವನ್ನು ಮಡಿಸುತ್ತಾ, "ಇಂಥದ್ದೊಂದು ಕೋಣೆ ನಂಗೂ ಇರ್ಬೋದಿತ್ತು" ಎಂದಳು.

ಇಷ್ಟು ವರ್ಷ ಅವಳನ್ನು ಅಣ್ಣನ ಪಕ್ಷದವಳೆಂದೇ ಲೆಕ್ಕಕ್ಕೆ ಹಿಡಿದಿದ್ದೆ.

ಅವಳು ಬೆಂಚಿನ ಹತ್ತಿರ ಹೋಗಿ ಅಣ್ಣನ ಭುಜ ಅಲ್ಲಾಡಿಸಿದಳು. "ಏಳಿ, ಮನೆಗೆ ಹೋಗಾಣ. ಅವಳು ಸಹಿ ಹಾಕಲ್ವಂತೆ. ಸೋಮವಾರ ಮೂಡಿಗೆರೆ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಈ ದಿಣ್ಣೆ ಅವಳ ಹೆಸರಿಗೆ ಮಾಡಿಸ್ಕೊಟ್ಟು ಬನ್ನಿ."

ಅಣ್ಣ ಕಣ್ಣುಜ್ಜಿಕೊಳ್ಳುತ್ತಾ ಎದ್ದು ಕೂತ. "ಯಾವಾಗ ಹೇಳಿದ್ಲು?"

"ಈಗ್ಲೇ. ನೀವು ಗೊರಕೆ ಹೊಡೀತಿದ್ರಿ."

ನಾನು ಬಾಯಿಯೇ ಬಿಟ್ಟಿರಲಿಲ್ಲ.