ತ್ರಾನ್ಸಿತೊ ಕಾಡನ್ನು ಹಸನು ಮಾಡಿಸಿದ್ದು

ನಮ್ಮೂರಿನಲ್ಲಿ ಯಾರ ಮನೆಗೆ ನೀರು ಬಂದರೂ ಅದು ತ್ರಾನ್ಸಿತೊ ಮಕಾಸ್‌ಳ ಕೈಯಿಂದ ಬರಬೇಕು. ಬೆಟ್ಟದ ಮೇಲಿನ ಒರತೆಯ ತೊಟ್ಟಿ ತೊಳೆಯುವವಳು ಅವಳು, ಬೀದಿಬೀದಿಯ ವಾಲ್ವು ತಿರುಗಿಸುವವಳೂ ಅವಳೇ. ವಯಸ್ಸು ಐವತ್ತೆಂಟು. ಬೇರೆ ಹೆಂಗಸರು ಮಗುವನ್ನು ಕಟ್ಟಿಕೊಳ್ಳುವ ಹಾಗೆ ಒಂದು ದೊಡ್ಡ ಸ್ಪ್ಯಾನರನ್ನು ಶಾಲಿನಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ವಾರಕ್ಕೆ ಮೂರು ಸಲ ಬೆಟ್ಟ ಹತ್ತುತ್ತಾಳೆ. ಅವಳ ಗಂಡ ತೀರಿಕೊಂಡಾಗ ಮೂರು ದಿನ ನಲ್ಲಿಗಳು ಒಣಗಿದ್ದವು. ಸಂತಾಪ ಹೇಳಲು ಬಂದವರಲ್ಲಿ ಅರ್ಧ ಜನ ಬಕೆಟ್ಟು ಹಿಡಿದೇ ಬಂದಿದ್ದರು. ಅವಳು ಅದನ್ನು ತಪ್ಪೆಂದು ತಿಳಿಯಲಿಲ್ಲ. ನಾಲ್ಕನೆಯ ದಿನ ಕಣ್ಣೊರೆಸಿಕೊಂಡು ಹೋಗಿ ವಾಲ್ವು ತಿರುಗಿಸಿದಳು.

ಎಕ್ವಡಾರಿನ ಈ ತೆಂಕಣ ಬೆಟ್ಟಗಳಲ್ಲಿ ಒರತೆ ಎಂದರೆ ಊರಿನ ಜೀವ. ಮೂರು ವರ್ಷದ ಹಿಂದೆ ನಮ್ಮ ಒರತೆ ನೂಲಿನಷ್ಟು ಸಣ್ಣಗಾಯಿತು. ಅದರ ಮೇಲಿನ ಇಳಿಜಾರು ಊರಿನ ಸಾಮಾನ್ಯ ಜಾಗ. ದನಗಳು ಮೇದು ಮೇದು ಅದು ಬೋಳು ತಲೆಯ ಹಾಗಾಗಿತ್ತು. ತ್ರಾನ್ಸಿತೊ ಊರ ಸಭೆಯಲ್ಲಿ ಎದ್ದು ನಿಂತು, "ಮೂರು ವರ್ಷ ಅಲ್ಲಿಗೆ ದನ ಬಿಡಬೇಡಿ. ಆಮೇಲೆ ನಿಮ್ಮಿಷ್ಟ" ಎಂದಳು. ಮೂರು ವರ್ಷ ಆಗ ಬಹಳ ದೂರ ಕಾಣುತ್ತಿದ್ದುದರಿಂದ ಎಲ್ಲರೂ ಕೈ ಎತ್ತಿದರು.

ಆ ಮೂರು ವರ್ಷ ಮುಗಿದಿತ್ತು. ಇಳಿಜಾರು ತಾನಾಗಿಯೇ ಪೊದೆ ಕಟ್ಟಿ, ಗಿಡ ಎಬ್ಬಿಸಿ, ಬೆಳಗಿನ ಮಂಜನ್ನು ಮಧ್ಯಾಹ್ನದವರೆಗೆ ಹಿಡಿದಿಟ್ಟುಕೊಳ್ಳುವಷ್ಟು ಕಾಡಾಗಿತ್ತು. ಬರುವ ಭಾನುವಾರ ಮತ್ತೆ ಸಭೆ. ದನ ಬಿಡಬೇಕೋ ಬೇಡವೋ ಅಲ್ಲಿ ತೀರ್ಮಾನವಾಗಬೇಕು. ಊರಿನ ಅಧ್ಯಕ್ಷ ದೋನ್ ಸೆಗುಂದೊನ ಹನ್ನೊಂದು ಹಸುಗಳು ಬೇಲಿಯ ಆಚೆ ನಿಂತು ಆಗಲೇ ಮೇಲೆ ನೋಡುತ್ತಿದ್ದವು.

ಜನ ಒಮ್ಮೆ ಒಳಗೆ ಬಂದು ನೋಡಿದರೆ ಸಾಕು, ದನ ಬಿಡುವ ಮಾತಾಡುವುದಿಲ್ಲ ಎಂದು ತ್ರಾನ್ಸಿತೊ ನಂಬಿದ್ದಳು. ಆದರೆ ಬರುವವರು ಯಾರು? ಅವಳು ಮನೆಮನೆಗೆ ಹೋಗಿ ಕರೆದಳು. ನಮ್ಮ ಮನೆಗೂ ಬಂದಳು. ಚರ್ಚಿನಲ್ಲಿ ನನಗೆ ಹೆಸರಿಡುವಾಗ ನನ್ನನ್ನು ಎತ್ತಿಕೊಂಡ ಧರ್ಮತಾಯಿ ಅವಳು. ಹಾಗಾಗಿ ಅವಳೂ ನನ್ನ ಅಮ್ಮ ಲುಸ್ಮಿಲಾಳೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದು ಕರೆಯುತ್ತಾರೆ.

"ಮೇಲಕ್ಕೆ ಬಾ ಕೊಮಾದ್ರೆ, ಸುಮ್ನೆ ಒಂದ್ ಸುತ್ತು ಹಾಕೋಣ."

"ಸುಮ್ನೆ ಅಂದ್ರೆ?" ಅಮ್ಮ ಹುರುಳಿ ಆರಿಸುವುದನ್ನು ನಿಲ್ಲಿಸಿ ಕೇಳಿದಳು. "ಏನಾದ್ರೂ ಕಳ್ಕೊಂಡಿದೀಯಾ?"

ಸುಮ್ಮನೆ ನಡೆಯುವವರು ನಮ್ಮಲ್ಲಿ ಇಲ್ಲ. ಆದರೆ ಮಿಂಗಾ ಎಂದು ಕರೆದರೆ ಬರದವರೂ ಇಲ್ಲ. ಮಿಂಗಾ ಎಂದರೆ ಊರ ಕೆಲಸ, ಮನೆಗೊಂದು ಆಳು. ತಪ್ಪಿಸಿಕೊಂಡವರನ್ನು ಊರು ವರ್ಷವಿಡೀ ನೆನಪಿಟ್ಟುಕೊಳ್ಳುತ್ತದೆ. ಆದ್ದರಿಂದ ತ್ರಾನ್ಸಿತೊ ಒಂದು ಚೀಟಿ ಬರೆದು ಅಧ್ಯಕ್ಷನ ಮನೆಯಲ್ಲಿ ಕೊಟ್ಟಳು: "ಶನಿವಾರ ಮಿಂಗಾ. ಬೆಟ್ಟದ ಕಾಡು ಹಸನು ಮಾಡುವುದು." ಗಾಳಿಗೆ ಹಾರಿಬಂದು ಪೊದೆಗಳಿಗೆ ಸಿಕ್ಕಿದ್ದ ಪ್ಲಾಸ್ಟಿಕ್ ಚೀಲಗಳನ್ನು ಆರಿಸುವುದು ಅವಳ ಮನಸ್ಸಿನಲ್ಲಿತ್ತು. ಆರಿಸುತ್ತಾ ಜನ ಕಾಡನ್ನೂ ನೋಡಲಿ ಎಂಬ ಉಪಾಯ.

ದೋನ್ ಸೆಗುಂದೊ ಚೀಟಿಯನ್ನು ಮೈಕಿನಲ್ಲಿ ಓದಿದ. ಕೊನೆಗೆ ತನ್ನದೂ ಒಂದು ಮಾತು ಸೇರಿಸಿದ: "ಎಲ್ರೂ ಮಚ್ಚು ಚೆನ್ನಾಗಿ ಮಸ್ಕೊಂಡ್ ಬನ್ನಿ." ತ್ರಾನ್ಸಿತೊ ಆ ಹೊತ್ತಿಗೆ ತೊಟ್ಟಿಯೊಳಗೆ ಇಳಿದು ಪಾಚಿ ಉಜ್ಜುತ್ತಿದ್ದಳು. ಅವಳ ಕಿವಿಗೆ ಏನೂ ಬೀಳಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಖಾಲಿ ಗೋಣಿಚೀಲಗಳನ್ನು ಹಿಡಿದು ಬೇಲಿಯ ಬಳಿ ನಿಂತಿದ್ದಾಗ ನಾವು ಹತ್ತಿಹೋದೆವು. ನಲವತ್ತಮೂರು ಮನೆ, ನಲವತ್ತಮೂರು ಮಚ್ಚು. ಹಿಂದಿನಿಂದ ಬೇಯಿಸಿದ ಜೋಳದ ಹಂಡೆ, ಅದರ ಹಿಂದೆ ಕತ್ತೆಯ ಮೇಲೆ ಅಜ್ಜಿ ರೊಸಾರಾ. ಎಂಬತ್ತು ದಾಟಿದ ಅಜ್ಜಿ ಬಂದದ್ದು ಹಂಡೆ ಕಾಯುವುದಕ್ಕೆ.

"ಮಚ್ಚು ಯಾಕೆ ದೋನ್ ಸೆಗುಂದೊ?"

"ಮತ್ತೆ, ಹಸನು ಮಾಡೋಕೆ ಚಮಚ ತರ್ಬೇಕಿತ್ತಾ?"

"ನಾನು ಹೇಳಿದ್ದು ಕಸ ಆರ್ಸೋದು."

ಸೆಗುಂದೊ ಇಳಿಜಾರಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದ. "ಇದೆಲ್ಲಾ ಕಸ ತಾನೆ?"

ತಪ್ಪು ಅವನದೂ ಅಲ್ಲ. ನಮ್ಮಲ್ಲಿ ಹಸನಾದ ಹೊಲ ಎಂದರೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಹೊಲ. ಹೊಲದಲ್ಲಿ ಪೊದೆ ಬಿಟ್ಟವನು ಸೋಮಾರಿ, ಅವನಿಗೆ ಹೆಣ್ಣು ಸಿಗುವುದೂ ಕಷ್ಟ. ಊರಿನವರು ಈ ಮೂರು ವರ್ಷ ತ್ರಾನ್ಸಿತೊಳ ಮರ್ಯಾದೆಯ ಬಗ್ಗೆ ಒಳಗೊಳಗೇ ಮರುಗುತ್ತಿದ್ದರು. ಈಗ ಪ್ರೀತಿಯಿಂದಲೇ ಮಚ್ಚು ಮಸೆದುಕೊಂಡು ಬಂದಿದ್ದರು. ಕೂಡಿಬಂದ ಮಿಂಗಾವನ್ನು ಕೆಲಸವಿಲ್ಲದೆ ವಾಪಸು ಕಳಿಸುವ ಹಾಗೂ ಇಲ್ಲ. ಊಟಕ್ಕೆ ಕರೆದು ಎಲೆ ಎತ್ತಿದ ಹಾಗಾಗುತ್ತದೆ.

ಸೆಗುಂದೊ ಪದ್ಧತಿಯಂತೆ ಹಗ್ಗ ಎಳೆದು, ಮನೆಗೆ ಎಂಟು ಹೆಜ್ಜೆಯ ಪಟ್ಟಿ ಅಳೆದು, ಕೋಲು ನೆಟ್ಟ. ತ್ರಾನ್ಸಿತೊ ಗೋಣಿಚೀಲಗಳನ್ನು ಎದೆಗೆ ಅವಚಿಕೊಂಡು ನಿಂತಳು. ಅಧ್ಯಕ್ಷನೇ ಮೊದಲ ಮಚ್ಚು ಬೀಸಿದ. ಅವನ ಪಕ್ಕದ ಪಟ್ಟಿ ರೊಸಾರಾಳ ಮಗ ಪೊಲಿವಿಯೊನದು. ಅವನೂ ಕೈ ಎತ್ತಿದ.

"ಪೊಲಿವಿಯೊ, ಅದನ್ನ ಮುಟ್ಟಿದ್ರೆ ನಿನ್ ಕೈ ಮುರೀತೀನಿ."

ಮಾತು ಹಂಡೆಯ ಕಡೆಯಿಂದ ಬಂದಿತ್ತು.

"ಮಿಂಗಾ ಕಣಮ್ಮ ಇದು."

"ನಾಲ್ಕು ವರ್ಷದವನಿದ್ದಾಗ ಹುಂಜ ನೋಡಿ ಬೆಚ್ಚಿ ಒಂದ್ ವಾರ ಚಡ್ಡೀಲೇ ಉಚ್ಚೆ ಹೊಯ್ಕೊಂಡ್ಯಲ್ಲ, ಯಾವ ಸೊಪ್ಪಲ್ಲಿ ನಿನ್ನ ಹಸನು ಮಾಡ್ದೆ ನಾನು?"

ಪೊಲಿವಿಯೊಗೆ ನಲವತ್ತಾರು ವರ್ಷ. ಅವನು ಸುತ್ತ ನಿಂತವರನ್ನು ನೋಡಿದ. "ಅದೆಲ್ಲಾ ಈಗ್ಯಾಕಮ್ಮ?"

"ಇದೇ ಸೊಪ್ಪು. ಇಪ್ಪತ್ತು ವರ್ಷದಿಂದ ಲೋಹಾ ಪಟ್ಟಣದ ಸಂತೇಲಿ ಒಣಗಿದ್ದನ್ನ ತರ್ತಿದೀನಿ. ಹಸೀದು ಇಲ್ಲೇ ನಿಂತಿದೆ. ನಮ್ಮನ್ನ ಹಸನು ಮಾಡೋ ಸೊಪ್ಪನ್ನ ನೀನ್ ಹಸನು ಮಾಡ್ತೀಯಾ?"

ಬೆಚ್ಚಿಬಿದ್ದವರ ಮೈಮೇಲೆ ಸೊಪ್ಪು ಸವರಿ ಭಯ ಇಳಿಸುವುದಕ್ಕೂ ನಾವು ಹಸನು ಮಾಡುವುದು ಎಂದೇ ಹೇಳುತ್ತೇವೆ. ಅಜ್ಜಿಯ ಕೈಯಲ್ಲಿ ಹಸನಾಗದವರು ಆ ನಲವತ್ತಮೂರು ಮನೆಗಳಲ್ಲಿ ಒಬ್ಬರೂ ಇರಲಿಲ್ಲ. ಮಚ್ಚುಗಳು ಒಂದೊಂದಾಗಿ ಕೆಳಗಿಳಿದವು.

ಆಗ ನನ್ನ ಅಮ್ಮ ತನ್ನ ಪಟ್ಟಿಯತ್ತ ತಿರುಗಿ ನೋಡಿದಳು. "ನಮ್ಮ ಪಾಲಲ್ಲಿ ಏನಿದೆ ಅಜ್ಜಿ?" ಎಂದು ಕೇಳಿದಳು. ಪೊಲಿವಿಯೊನ ಪಾಲಿನಲ್ಲಿ ಇರುವುದು ತನ್ನ ಪಾಲಿನಲ್ಲಿ ಇಲ್ಲದೆ ಹೋದರೆ ಹೇಗೆ ಎಂಬ ಚಿಂತೆ ಅವಳ ದನಿಯಲ್ಲಿ ಸ್ಪಷ್ಟವಾಗಿತ್ತು.

ಅಜ್ಜಿಗೆ ಇಳಿಜಾರು ಹತ್ತಲಾಗದು, ಪೊದೆಯೊಳಗೆ ಕತ್ತೆ ಬಾರದು. ಕೊನೆಗೆ ಪೊಲಿವಿಯೊ ತಾಯಿಯನ್ನು ಬೆನ್ನ ಮೇಲೆ ಹೊತ್ತು ಪಟ್ಟಿಯಿಂದ ಪಟ್ಟಿಗೆ ನಡೆದ. ಅವಳು ಅವನ ಹೆಗಲ ಮೇಲಿಂದ ಕೈಚಾಚಿ, ಇದು ಹೊಟ್ಟೆನೋವಿಗೆ, ಇದು ಬಾಣಂತಿಗೆ, ಇದು ಅತ್ತೆ ಮುಂದೆ ನಾಲಿಗೆ ತಡವರಿಸೋರಿಗೆ ಎನ್ನುತ್ತಾ ಹೋದಳು. ಜನ ಅವಳ ಹಿಂದೆ ಮೆರವಣಿಗೆಯಂತೆ ಹೋದರು. ಹೆಸರುಗಳ ಮೇಲೆ ಜಗಳಗಳಾದವು. ಬರೀ ಮುಳ್ಳೇ ಬಂದಿದ್ದ ಒಂದು ಮನೆಯವರು ಮುಖ ಸಣ್ಣ ಮಾಡಿಕೊಂಡಾಗ, "ಮುಳ್ಳಿರೋ ಕಡೇನೇ ಹಕ್ಕಿ ಗೂಡು ಕಟ್ಟೋದು" ಎಂದು ತ್ರಾನ್ಸಿತೊ ಮುಂದೆ ಬಂದಳು. ಮುಳ್ಳು ಸರಿಸಿ ತೋರಿಸಿದಳು. ಬಟ್ಟಲಿನಷ್ಟು ಗೂಡು, ಅದರಲ್ಲಿ ಎರಡು ನೀಲಿ ಮೊಟ್ಟೆ. ಜನ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಎಲೆಗಳಿಂದ ಮಂಜು ತೊಟ್ಟಿಕ್ಕುವುದು ಕೇಳುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಕಡಿದಿದ್ದದ್ದು ಸೆಗುಂದೊನ ಎರಡು ಹೆಜ್ಜೆ ಮಾತ್ರ. ಅಜ್ಜಿ ಅಲ್ಲಿಗೆ ಕೊನೆಯಲ್ಲಿ ಬಂದಳು. ಕಡಿದ ರಾಶಿಯನ್ನು ನೋಡಿ, "ಇದು ಮೊಣಕಾಲಿಗೆ" ಎಂದಳು. ಸೆಗುಂದೊನ ಮೊಣಕಾಲು ನೋವು ಊರಿಗೇ ಗೊತ್ತಿದ್ದದ್ದು. ಅವನು ಯಾರ ಮುಖವನ್ನೂ ನೋಡದೆ ಆ ಸೊಪ್ಪನ್ನು ಆರಿಸಿ ಟೊಪ್ಪಿಗೆಗೆ ತುಂಬಿಕೊಂಡ.

ಮರುದಿನ ಸಭೆ. ಸೆಗುಂದೊ ಗಂಟಲು ಸರಿಮಾಡಿಕೊಂಡು, ದನ ಬಿಡೋಣ ಅನ್ನೋರು ಯಾರು ಎಂದು ಕೇಳಿದ.

"ಯಾರ ಪಾಲಲ್ಲಿ ಬಿಡ್ತೀರ?" ಅಮ್ಮ ಎದ್ದಳು. "ನಮ್ಮ ಪಾಲಲ್ಲಿ ಬೇಡ."

"ನಮ್ಮದ್ರಲ್ಲೂ ಬೇಡ," ಎಂದ ಪೊಲಿವಿಯೊ. ಮುಳ್ಳಿನ ಮನೆಯವರು ಅವನಿಗಿಂತ ಗಟ್ಟಿಯಾಗಿ ಹೇಳಿದರು.

ತ್ರಾನ್ಸಿತೊ ಕುರ್ಚಿಯಿಂದ ಅರ್ಧ ಎದ್ದಳು. ಅದು ಎಲ್ಲರ ಜಾಗ. ಅಲ್ಲಿ ಯಾರ ಪಾಲೂ ಇಲ್ಲ. ಹಗ್ಗ ಎಳೆದದ್ದು ಒಂದು ದಿನದ ಕೆಲಸಕ್ಕೆ ಮಾತ್ರ. ಮೂರು ವರ್ಷ ಅವಳು ಹೇಳುತ್ತಾ ಬಂದದ್ದೂ ಅದನ್ನೇ. ಈಗ ಅದನ್ನು ಹೇಳಿದರೆ ಕಾಡು ಉಳಿಯುವುದಿಲ್ಲ ಎಂದು ಅವಳಿಗೆ ತಿಳಿಯಿತು. ನಿಧಾನವಾಗಿ ಕುಳಿತು ಶಾಲು ಸರಿಮಾಡಿಕೊಂಡಳು.

"ಹಾಗಾದ್ರೆ ಎಷ್ಟ್ ವರ್ಷ ಹಾಗೇ ಇರ್ಲಿ?" ಸೆಗುಂದೊ ಕೇಳಿದ.

"ಅಧ್ಯಕ್ಷರ ಮೊಣಕಾಲು ವಾಸಿಯಾಗೋವರೆಗೂ," ಎಂದಳು ಅಜ್ಜಿ ರೊಸಾರಾ. ಕಾರ್ಯದರ್ಶಿ ಅದನ್ನೇ ಬರೆದುಕೊಂಡ. ಎಲ್ಲರೂ ಸಹಿ ಹಾಕಿದರು.

ಒರತೆಯ ನೀರು ಈಗ ಹೆಬ್ಬೆರಳ ದಪ್ಪ ಬರುತ್ತಿದೆ. ಜನ ದಿನವೂ ಮೇಲೆ ಹತ್ತಿ ತಮ್ಮ ತಮ್ಮ ಪಾಲು ನೋಡಿ ಬರುತ್ತಾರೆ. ಎಲ್ಲರ ಕಾಡೊಂದನ್ನು ಬಯಸಿದ್ದ ತ್ರಾನ್ಸಿತೊಗೆ ನಲವತ್ತಮೂರು ಹೊಟ್ಟೆಕಿಚ್ಚಿನ ತೋಟಗಳು ಸಿಕ್ಕಿವೆ. ಅವುಗಳ ನ್ಯಾಯ ತೀರಿಸುವುದೂ ಅವಳ ಪಾಲಿಗೇ ಬಂದಿದೆ. ಮೊನ್ನೆ ಅವಳು ವಾಲ್ವು ತಿರುಗಿಸುತ್ತಿದ್ದಾಗ ನನ್ನ ಅಮ್ಮ ಏದುಸಿರು ಬಿಡುತ್ತಾ ಬಂದು ನಿಂತಳು.

"ಪೊಲಿವಿಯೊಗೆ ಸ್ವಲ್ಪ ಹೇಳು ಕೊಮಾದ್ರೆ. ಹಕ್ಕಿಗಳು ನಮ್ಮ ಗಿಡದ ಹಣ್ಣು ತಿಂದು ಅವನ ಪಾಲಿಗೆ ಹೋಗಿ ಹಿಕ್ಕೆ ಹಾಕ್ತಿವೆ. ನಮ್ಮ ಬೀಜವೆಲ್ಲಾ ಅಲ್ಲೇ ಹುಟ್ತಿದೆ."

"ಪೊಲಿವಿಯೊಗೆ ಹೇಳ್ಲಾ, ಹಕ್ಕಿಗೆ ಹೇಳ್ಲಾ?"

ಅಮ್ಮ ತಲೆಯೆತ್ತಿ ಗಿಡಗಳ ಕಡೆ ನೋಡಿದಳು.

"ಇಬ್ರಿಗೂ ಹೇಳು. ಹಕ್ಕಿಯಾದ್ರೂ ಬೇಗ ಕೇಳುತ್ತೆ."