ತಡವಾಗಿ ಬಂದ ಮಣ್ಣಿನ ಒಡ್ಡು

ಆಕೆ ಮಣ್ಣಿನ ಒಡ್ಡಿಗೆ ಅಂಗೈಯಿಂದ ಹೊಡೆಯುತ್ತ ಬಯ್ಯುತ್ತಿದ್ದರು. “ಈಗ ಬಂದ್ಯಾ? ಹ್ವಾದ ಮಳಿಗಾಲ್ದಾಗ ಎಲ್ಲಿ ಹಾಳಾಗಿ ಹೋಗಿದ್ದಿ?”

ಮುಂಬೈ ಬಳಿಯ ಖಾರಘರದ ಗುಡ್ಡದಿಂದ ಉರುಳುವ ಬಂಡೆಗಳು ಕೆಳಗಿನ ಕೂಲಿಗಳ ಚಾಳಿನ ಮೇಲೆ ಬೀಳದಿರಲೆಂದು ಆ ಒಡ್ಡಿನ ನಕ್ಷೆ ಮಾಡಿದವನು ನಾನು. ಮೊದಲ ಜೋರು ಮಳೆಗೆ ದೊಡ್ಡ ಬಂಡೆಯೊಂದು ಬಂದು ಬಡಿದು ಒಡ್ಡಿನಾಚೆಯೇ ನಿಂತಿತೆಂದು ಸೈಟಿನಿಂದ ಫೋನ್ ಬಂದಾಗ, ಪರೀಕ್ಷೆಯಲ್ಲಿ ಪಾಸಾದ ಹುಡುಗನಂತೆ ನೋಡಲು ಓಡಿದ್ದೆ. ಕನ್ನಡದ ಬೈಗುಳ ಕೇಳಿ ಹತ್ತಿರ ಹೋದೆ.

“ಅಮ್ಮಾ, ಬಂಡೆ ಆ ಕಡೆಯೇ ನಿಂತಿದೆ. ಇನ್ನು ಹೆದರಬೇಡಿ,” ಎಂದೆ.

ಆಕೆ ಕಲಬುರಗಿ ಕಡೆಯಿಂದ ಕೂಲಿಗೆ ಬಂದವರು. ನನ್ನತ್ತ ತಿರುಗಿ, “ಇನ್ನ ಯಾರಿಗ್ರಿ ಅಂಜಿಕಿ, ಸಾಹೇಬ್ರ? ಮನ್ಯಾಗ ನಾ ಒಬ್ಬಾಕಿನೇ ಅದೀನಿ,” ಎಂದರು.

ಹಿಂದಿನ ಮಳೆಗಾಲದಲ್ಲಿ ಅವರ ಗಂಡನ ಜೀವ ತೆಗೆದ ಬಂಡೆ ನನಗೆ ಚೆನ್ನಾಗಿ ಗೊತ್ತು. ಮುಂದೆ ಎಂಥದ್ದು ಬರಬಹುದೆಂದು ತಿಳಿಯಲು ಹಿಂದೆ ಬಿದ್ದದ್ದನ್ನು ಅಳೆಯುವುದು ನಮ್ಮ ಕೆಲಸದ ಕ್ರಮ. ಆ ಬಂಡೆಗೆ ಟೇಪು ಹಿಡಿದೇ ಒಡ್ಡು ಎಷ್ಟು ಎತ್ತರ, ಎಷ್ಟು ದಪ್ಪ ಇರಬೇಕೆಂದು ಲೆಕ್ಕ ಹಾಕಿದ್ದೆ. ಆ ಮಾತನ್ನು ಆಕೆಗೆ ಹೇಳಲು ನನ್ನಿಂದಾಗಲಿಲ್ಲ.

ಒಡ್ಡು ಗೆದ್ದಿತೆಂದು ಯಾರಿಗಾದರೂ ಹೇಳೋಣವೆಂದು ಆ ಸಂಜೆ ಖಾಲಿ ಫ್ಲ್ಯಾಟಿನಲ್ಲಿ ಫೋನ್ ಹಿಡಿದು ಕೂತೆ. ಯಾರ ನಂಬರನ್ನೂ ಒತ್ತಲಿಲ್ಲ. ಹಗಲು ಕಂಡ ಒಡ್ಡೇ ಕಣ್ಣ ಮುಂದಿತ್ತು. ಅದರ ಗುಡ್ಡದ ಕಡೆಯ ಮುಖಕ್ಕೆ ಕಲ್ಲು ಕಟ್ಟಿಸಿದ್ದರಿಂದ ಬಂಡೆ ಬಡಿದ ಗುರುತೇ ಅಲ್ಲಿ ಕಾಣುತ್ತಿರಲಿಲ್ಲ. ಈಚೆ ಬದಿಯ ಹಸಿಮಣ್ಣಿನಲ್ಲಿ ಮಾತ್ರ ಆಕೆಯ ಐದೂ ಬೆರಳು ಮೂಡಿದ್ದವು.